ಬೆಟ್ಟಯ್ಯನ ಗಾಡಿ ತುಂಬಿದ ದಿನ

ಭೀಮನಬೀಡಿನ ಬೆಟ್ಟಯ್ಯನ ಮನೆಗೆ ಕಾರು ಬರುವುದಕ್ಕೆ ಮೊದಲೇ ಕಾರಿನೊಳಗೆ ಇಡುವ ಮೂರು ಕುರ್ಚಿಗಳು ಬಂದು ಕೂತವು. ನಡುಮನೆಯಲ್ಲಿ, ಟಿವಿಯ ಎದುರಿಗೆ, ಸಾಲಾಗಿ. ಮಕ್ಕಳನ್ನು ಬೆಲ್ಟು ಬಿಗಿದು ಕೂರಿಸುವ ಕುರ್ಚಿ ಅಂತ ಸೊಸೆ ಮಾನಸ ಎಷ್ಟು ಬಿಡಿಸಿ ಹೇಳಿದರೂ ಊರಿನವರ ತಲೆಗೆ ಹತ್ತಲಿಲ್ಲ. ಹೋಗಿ ಬರುವವರೆಲ್ಲ ಒಮ್ಮೆ ಇಣುಕುವುದು, ಕುರ್ಚಿಯ ಮೆತ್ತೆ ಒತ್ತಿ ನೋಡುವುದು, "ಸರಿ, ಕಾರೆಲ್ಲಿ?" ಅನ್ನುವುದು. ಕಾರೆಲ್ಲಿ ಅನ್ನುವುದು ಮನೆಯವರಿಗೇ ಗೊತ್ತಿರಲಿಲ್ಲ.

ಮಾನಸ ಗುಂಡ್ಲುಪೇಟೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ಹೋದ ವರ್ಷ ಹೈವೇ ಕಡೆಯಿಂದ ಒಂದು ಸಂಸಾರ ಅವಳ ವಾರ್ಡಿಗೆ ಬಂದಿತ್ತು. ಜಿಂಕೆ ಅಡ್ಡ ಬಂತೆಂದು ಬ್ರೇಕು ಒತ್ತಿದ್ದರಂತೆ, ಅಷ್ಟೇ. ಗಾಡಿಗೆ ಒಂದು ಗೀರೂ ಆಗಿರಲಿಲ್ಲ. ತಾಯಿಯ ತೊಡೆಯ ಮೇಲಿದ್ದ ಕೂಸು ಮಾತ್ರ ಮುಂದಕ್ಕೆ ಹಾರಿ ತಲೆ ಒಡೆದುಕೊಂಡಿತ್ತು. ಕೂಸು ಉಳಿಯಿತು. ಆದರೆ ಆ ತಾಯಿ, "ನಾನು ಗಟ್ಟಿಯಾಗಿ ಹಿಡ್ಕೊಂಡಿದ್ದೆ ಸಿಸ್ಟರ್, ಗಟ್ಟಿಯಾಗೇ ಹಿಡ್ಕೊಂಡಿದ್ದೆ" ಅಂತ ಮತ್ತೆ ಮತ್ತೆ ಹೇಳುತ್ತಿದ್ದಳು. ಆ ಮಾತು ಮಾನಸಳ ಕಿವಿಯಿಂದ ಹೋಗಲೇ ಇಲ್ಲ. ಅವಳಿಗೂ ಮೂವರು: ನಾಲ್ಕು ವರ್ಷದ ಅವಳಿಗಳು ಹರ್ಷ ಮತ್ತು ವರ್ಷ, ಇನ್ನೂ ಹಾಲು ಕುಡಿಯುವ ಪುಟ್ಟಿ. ಇನ್ನು ಮೇಲೆ ಈ ಮೂವರಲ್ಲಿ ಒಬ್ಬರೂ ಯಾರ ತೊಡೆಯ ಮೇಲೂ ಕೂತು ಗಾಡಿಯಲ್ಲಿ ಹೋಗುವುದಿಲ್ಲ ಎಂದು ಅವಳು ತೀರ್ಮಾನಿಸಿದಳು. ಸಂಬಳ ಬಂದಾಗಲೆಲ್ಲ ಒಂದೊಂದು ಕುರ್ಚಿ ತರಿಸಿದಳು.

ಇಂಥ ತೀರ್ಮಾನವನ್ನು ಬೆಟ್ಟಯ್ಯನ ಮನೆಯಲ್ಲಿ ಮಾಡಬೇಕೆಂದರೆ ಗುಂಡಿಗೆ ಬೇಕು. ಯಾಕೆಂದರೆ ಬೆಟ್ಟಯ್ಯ ಒಂದು ಕಾಲದಲ್ಲಿ ಆ ಭಾಗಕ್ಕೆಲ್ಲ ಹೆಸರುವಾಸಿಯಾದ ಟೆಂಪೊ ಡ್ರೈವರ್. ಟೊಮೇಟೊ ಬಾಕ್ಸಿನ ಮೇಲೆ, ಡ್ರೈವರ್ ಬಾಗಿಲ ಪಕ್ಕ, ಹಿಂದಿನ ಏಣಿಯ ಮೇಲೆ, ಎಲ್ಲಾದರೂ ಸರಿ, ಕೈ ಅಡ್ಡ ಹಾಕಿದವರನ್ನು ರಸ್ತೆಯಲ್ಲಿ ಬಿಟ್ಟು ಹೋದವನಲ್ಲ. "ತುಂಬೋಗದ", ಗಾಡಿ ತುಂಬಿಹೋಗಿದೆ, ಅನ್ನುವ ಮಾತು ಅವನ ಬಾಯಲ್ಲಿ ಯಾರೂ ಕೇಳಿದ್ದಿಲ್ಲ. ಈಗ ಟೆಂಪೊ ಮಾರಿ, ಅರಿಸಿನ ಬೆಳೆದು, ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲದಲ್ಲಿ ಅವನಿಗೆ ಒಂದೇ ಆಸೆ. ಚಂದಕವಾಡಿಯ ಬೀಗರು, ಅಂದರೆ ಮಾನಸಳ ಅಪ್ಪ ಮಹದೇವಯ್ಯ, ಹೊಸ ಮನೆ ಕಟ್ಟಿಸಿದ್ದಾರೆ. ಆ ಗೃಹಪ್ರವೇಶಕ್ಕೆ ಸ್ವಂತ ಕಾರಿನಲ್ಲಿ ಹೋಗಬೇಕು. ಮುಂದಿನ ಸೀಟಿನಿಂದ, ಎಲ್ಲರೂ ನೋಡುತ್ತಿರುವಾಗ, ಬಿಳಿ ಪಂಚೆ ಸರಿಮಾಡಿಕೊಳ್ಳುತ್ತಾ ಇಳಿಯಬೇಕು. ಮದುವೆಯಲ್ಲಿ ಹೆಣ್ಣಿನ ಕಡೆಯ ಯಾರೋ "ಗಂಡಿನೋರು ಟೆಂಪೊದಲ್ ಬಂದ್ರು" ಎಂದು ನಕ್ಕಿದ್ದನ್ನು ಅವನು ಇವತ್ತಿಗೂ ನುಂಗಿಕೊಂಡಿರಲಿಲ್ಲ.

ಹೀಗಿರುವಾಗ ಸೊಸೆಯ ಮೂರು ಕುರ್ಚಿ ಅವನ ಕಣ್ಣಿಗೆ ಮೂರು ಮುಳ್ಳಾದವು. ಮಾನಸಳ ಅತ್ತೆ ಗುರುಮಲ್ಲಮ್ಮನಿಗೆ ಬೇರೆ ಸಂಕಟ. "ಐದ್ ಮಕ್ಳ ಇದೇ ತೊಡೆ ಮ್ಯಾಲ ಸಾಕಿವ್ನಿ. ಈಗ ಈ ತೊಡೆ ಬ್ಯಾಡ್ವಾಯ್ತಾ ನಿಂಗ?" ಎಂದು ಮುಖ ತಿರುಗಿಸಿದಳು. ಮಾನಸಳ ಗಂಡ ಕುಮಾರಸ್ವಾಮಿ ಬಂಡೀಪುರದ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೆಲಸ ಮಾಡುವವನು. ಕಾಡಾನೆ ಎದುರಾದರೆ ನಿಲ್ಲುತ್ತಾನೆ, ಅಪ್ಪ ಎದುರಾದರೆ ಇಲ್ಲ.

ಕೊನೆಗೆ ಬೆಟ್ಟಯ್ಯನೇ ಒಂದು ದಿನ ಉಂಡು ಕೈ ತೊಳೆದು ಬಂದು ತೀರ್ಪು ಕೊಟ್ಟ.

"ಮೂರ್ ಕುರ್ಚಿ, ನಾವ್ ನಾಕ್ ಜನ. ಅಷ್ಟೂ ಕೂರೋ ಗಾಡಿ ಉಡುಕ್ಕೊಡವ್ವ, ಕಣ್ ಮುಚ್ಕಂಡು ಅದ್ನೇ ತಕ್ಕತೀನಿ. ಗೃಹಪ್ರವೇಶದೊಳ್ಗ ಸಿಕ್ನಿಲ್ಲ ಅಂದ್ರ ಇವು ಅಟ್ಟುಕ್ಕ ಓಯ್ತವ, ಮಕ್ಳು ತೊಡಗ ಬತ್ತವ. ಆಮ್ಯಾಕ ನೀನು ಸೊಲ್ಲೆತ್ಕೂಡ್ದು."

"ಆಯ್ತು ಮಾವ," ಎಂದಳು ಮಾನಸ.

ಮೊದಲ ಎಡವಟ್ಟು ಚಾಮರಾಜನಗರದ ಶೋರೂಮಿನಲ್ಲಿ ಆಯಿತು. ಬೆಟ್ಟಯ್ಯ ಮನೆಯಲ್ಲಿ ಕುರ್ಚಿಗಳಿಗೆ ಗೇಣು ಹಾಕಿ, ಒಂದೊಂದು ಎರಡು ಗೇಣು, ಒಟ್ಟು ಆರು ಎಂದು ಲೆಕ್ಕ ಕೊಟ್ಟಿದ್ದ. ಶೋರೂಮಿಗೆ ಹೋಗಿದ್ದ ಕುಮಾರಸ್ವಾಮಿ ನಡುವಿನ ಸೀಟಿಗೆ ಗೇಣು ಹಾಕಿ, ಆರೂವರೆ ಇದೆ ಎಂದು ಫೋನಿನಲ್ಲಿ ಹೇಳಿದ. ಇಡೀ ಮನೆ ಖುಷಿಯಾಗಿ, ಮೂರೂ ಕುರ್ಚಿಗಳನ್ನು ಗೂಡ್ಸ್ ಆಟೋಗೆ ಹೇರಿಕೊಂಡು ಹೋಯಿತು. ಎರಡು ಕುರ್ಚಿ ಕೂತವು. ಮೂರನೆಯದು ಎಷ್ಟು ಅದುಮಿದರೂ ಒಂದು ಮಗ್ಗುಲಾಗಿ ನಿಂತೇ ಇತ್ತು. ಆಗ ಮಾನಸ ಅಪ್ಪ ಮಗ ಇಬ್ಬರ ಕೈಗಳನ್ನೂ ಹಿಡಿದು ಪಕ್ಕಪಕ್ಕದಲ್ಲಿ ಇಟ್ಟಳು. ಅಪ್ಪನದು ಟೆಂಪೊ ಸ್ಟೇರಿಂಗು ತಿರುವಿ ಹಿಗ್ಗಿದ ಅಂಗೈ, ಮಗನದು ಪೆನ್ನು ಹಿಡಿದ ಕೈ. ಶೋರೂಮಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಆಮೇಲೆ ನೋಡಿದ ಗಾಡಿಗಳಿಗೆಲ್ಲ ಒಂದಲ್ಲ ಒಂದು ಕೊರತೆ. ಒಂದರಲ್ಲಿ ಕುರ್ಚಿ ಕೂತರೆ ಬಾಗಿಲು ಹಾಕಿಕೊಳ್ಳದು. ಇನ್ನೊಂದರ ಹಿಂದಿನ ಸಾಲಿನಲ್ಲಿ ಸೊಂಟಕ್ಕೆ ಮಾತ್ರ ಬೆಲ್ಟು. ಭುಜದ ಮೇಲಿಂದ ಬರುವ ಬೆಲ್ಟು ಇಲ್ಲದಿದ್ದರೆ ಈ ಕುರ್ಚಿ ಕಟ್ಟಲಾಗದು ಎಂದು ಮಾನಸ ಬೇಡವೆಂದಳು. "ಗಾಡಿ ತಕ್ಕತಿದ್ದೀವಾ, ಬೆಲ್ಟ್ ತಕ್ಕತಿದ್ದೀವಾ?" ಎಂದು ಬೆಟ್ಟಯ್ಯ ಗೊಣಗಿದ. ಗೃಹಪ್ರವೇಶ ಹತ್ತಿರ ಬರುತ್ತಿತ್ತು. ಗುರುಮಲ್ಲಮ್ಮ ಅಟ್ಟದ ಮೇಲೆ ಜಾಗ ಮಾಡಲು ಹಳೆ ತಪ್ಪಲೆಗಳನ್ನು ಆಗಲೇ ಒಂದು ಮೂಲೆಗೆ ಸರಿಸಿದ್ದಳು.

ಕೊನೆಯ ಪ್ರಯತ್ನವೆಂದು ಗುಂಡ್ಲುಪೇಟೆಯಲ್ಲಿ ಹಳೆ ಕಾರು ಮಾರುವ ರಿಯಾಜ್‌ನ ಅಂಗಳಕ್ಕೆ ಹೋದರು. ಅಲ್ಲೊಂದು ಏಳು ಸೀಟಿನ ಬಿಳಿ ಗಾಡಿ ನಿಂತಿತ್ತು. ಮಾನಸ ಒಳಗೆ ತೂರಿ ಎಲ್ಲ ಸೀಟಿನ ಬೆಲ್ಟನ್ನೂ ಎಳೆದು ನೋಡಿದಳು. ಎಲ್ಲವೂ ಭುಜದ ಬೆಲ್ಟೇ. ನಡುಸಾಲಿನಲ್ಲಿ ಮೂರೂ ಕುರ್ಚಿ ಒತ್ತೊತ್ತಾಗಿಯಾದರೂ ನೆಟ್ಟಗೆ ಕೂತವು, ಬಾಗಿಲೂ ಹಾಕಿಕೊಂಡಿತು. ಮಾನಸಳಿಗೆ ಕುಣಿಯುವ ಹಾಗಾಯಿತು.

ಅಷ್ಟರಲ್ಲಿ ಒಳಗಿನಿಂದ ಗುರುಮಲ್ಲಮ್ಮನ ದನಿ ಬಂತು. "ಸರಿ ಕಣವ್ವ, ಈಗ ನಾನ್ ಇಳ್ಯೋದು ಎಂಗ?"

ಪಾಪ, ಅವಳು ಮೊದಲೇ ಹಿಂದಿನ ಸಾಲಿಗೆ ಹೋಗಿ ಕೂತಿದ್ದಳು. ಹಿಂದಿನವರು ಇಳಿಯಬೇಕಾದರೆ ನಡುವಿನ ಸೀಟು ಮಡಚಬೇಕು. ಅದರ ಮೇಲೆ ಕುರ್ಚಿ ಬಿಗಿದ ಮೇಲೆ ಮಡಚುವುದೆಲ್ಲಿ ಬಂತು. ರಿಯಾಜ್ ಡಿಕ್ಕಿ ಬಾಗಿಲು ತೆಗೆದ. ಇಬ್ಬರು ಸೇರಿ ಗುರುಮಲ್ಲಮ್ಮನನ್ನು ಹಲಸಿನಹಣ್ಣು ಇಳಿಸಿದ ಹಾಗೆ ಜೋಪಾನವಾಗಿ ಆ ಕಡೆಯಿಂದ ಇಳಿಸಿದರು.

ಬೆಟ್ಟಯ್ಯ ಹೆಗಲ ಮೇಲಿನ ಟವೆಲ್ ಕೊಡವಿದ. "ಬುಡು ಅತ್ಲಾಗ. ಬೀಗ್ರ್ ಮನ ಮುಂದ ಇವ್ಳ ಡಿಕ್ಕಿಯಿಂದ ಇಳ್ಸಕ್ಕಾದ್ದಾ? ಅಟ್ಟವೇ ಸರಿ."

ಮಾನಸಳ ಕಣ್ಣು ತುಂಬಿ ಬಂತು. ಅಳುವುದನ್ನು ಮಾವ ನೋಡಬಾರದೆಂದು ಗಾಡಿಯ ಒಳಕ್ಕೆ ಬಗ್ಗಿದಳು. ಅಲ್ಲಿ ಅಜ್ಜಿ ಬಿಟ್ಟು ಹೋದ ಜಾಗದಲ್ಲಿ ಹರ್ಷ, ವರ್ಷ ಇಬ್ಬರೂ ಕೂತು ಇಳಿಯುವುದಿಲ್ಲವೆಂದು ಹಟ ಹಿಡಿದಿದ್ದರು. ಮಾನಸ ನೋಡುತ್ತಾ ನಿಂತಳು. ತಾನು ಎಂಥ ಪೆದ್ದಿ ಅನ್ನಿಸಿತು. ಇಷ್ಟು ದಿನ ಎಲ್ಲರೂ ದೊಡ್ಡವರನ್ನು ಹಿಂದಕ್ಕೆ ತಳ್ಳಿ ಮಕ್ಕಳನ್ನು ನಡುವೆ ಕೂರಿಸಲು ನೋಡುತ್ತಿದ್ದರು. ದೊಡ್ಡವರು ಹತ್ತಿ ಇಳಿಯುವವರು, ಮಂಡಿ ನೋವಿನವರು. ಈ ಚೋಟುಗಳಿಗೆ ಹಿಂದಿನ ಸಾಲೇ ಅರಮನೆ.

"ರಿಯಾಜಣ್ಣ, ಎಲ್ಲಾ ತೆಗೀರಿ. ಇನ್ನೊಂದ್ ಸಲ," ಎಂದಳು.

ಅವಳಿಗಳ ಎರಡು ಕುರ್ಚಿ ಹಿಂದಿನ ಸಾಲಿಗೆ ಹೋದವು. ಪುಟ್ಟಿಯದು ನಡುಸಾಲಿನ ಬಲಗಡೆ, ಡ್ರೈವರ್ ಹಿಂದೆ. ಅದರ ಪಕ್ಕ ತಾನು. ತಿರುಗಿದರೆ ಹಿಂದಿನ ಇಬ್ಬರಿಗೂ ಕೈ ಎಟಕುತ್ತದೆ. ಎಡಗಡೆಯ ಬಾಗಿಲ ಬಳಿ ಅತ್ತೆ. ಅವಳ ಸೀಟಿನ ಮೇಲೆ ಏನೂ ಬಿಗಿದಿಲ್ಲವಾದ್ದರಿಂದ ಅದು ಸಲೀಸಾಗಿ ಮಡಚಿ ಹಿಂದಕ್ಕೆ ದಾರಿ ಬಿಡುತ್ತದೆ. ಮುಂದೆ ಕುಮಾರಸ್ವಾಮಿ, ಅವನ ಪಕ್ಕ ಬೆಟ್ಟಯ್ಯ. ಏಳಕ್ಕೆ ಏಳು. ಮಕ್ಕಳಿಗೆ ಬೆಲ್ಟು ಬಿಗಿದಾಗ ಟಕ್ ಟಕ್ ಎಂದು ಕೇಳಿದ ಸದ್ದು ಮಾನಸಳಿಗೆ ಅವತ್ತು ಮದುವೆಯ ವಾಲಗಕ್ಕಿಂತ ಇಂಪಾಗಿತ್ತು. ಗುರುಮಲ್ಲಮ್ಮ ಹತ್ತಿದಳು, ಇಳಿದಳು, ನಂಬಿಕೆ ಬಾರದೆ ಮತ್ತೊಮ್ಮೆ ಹತ್ತಿ ಇಳಿದಳು.

ಬೆಟ್ಟಯ್ಯ ಒಳಗೆ ಬಗ್ಗಿ ಪುಟ್ಟಿಯ ಕುರ್ಚಿಯನ್ನು ಎರಡು ಕೈಯಲ್ಲೂ ಹಿಡಿದು ಅಲ್ಲಾಡಿಸಿದ. ಇಡೀ ಗಾಡಿ ಅಲ್ಲಾಡಿತು, ಕುರ್ಚಿ ಅಲ್ಲಾಡಲಿಲ್ಲ. ಜೀವಮಾನವೆಲ್ಲ ಲೋಡಿಗೆ ಹಗ್ಗ ಬಿಗಿದ ಮನುಷ್ಯ. ಕಟ್ಟಿದ್ದು ಯಾವುದು, ಇಟ್ಟಿದ್ದು ಯಾವುದು ಅನ್ನುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೈ ಒರೆಸಿಕೊಂಡು, "ನಮ್ ಟೊಮೇಟ ಬಾಕ್ಸ ನಾನು ಇಷ್ಟ್ ಬಿಗಿಯಾಗಿ ಕಟ್ತಿದ್ದಿ. ಮಕ್ಳ ಕಟ್ನಿಲ್ಲ ಕಣವ್ವ," ಎಂದ. ಆಮೇಲೆ ರಿಯಾಜ್ ಕಡೆ ತಿರುಗಿ ಗಾಡಿಯ ವ್ಯಾಪಾರ ಶುರುಮಾಡಿದ.

ಮಾನಸ ಗೆದ್ದಳು ಅಂತ ನೀವು ಅಂದುಕೊಂಡಿರಬಹುದು. ಅವಳೂ ಹಾಗೇ ಅಂದುಕೊಂಡಿದ್ದಳು. ಆದರೆ ನಮ್ಮ ಕಡೆ ಗಾಡಿಯಲ್ಲಿ ಏಳು ಸೀಟಿದೆ ಅಂದರೆ ಹನ್ನೆರಡು ಜನ ಹೋಗಬಹುದು ಅಂತ ಅರ್ಥ. ಹೊರಡುವ ದಿನದ ತನಕ ಅದು ಅವಳ ನೆನಪಿಗೆ ಬರಲಿಲ್ಲ.

ಗೃಹಪ್ರವೇಶದ ದಿನ ಬೆಳಿಗ್ಗೆ ಎಲ್ಲರೂ ಹತ್ತಿ ಕೂತಾಗಿತ್ತು. ಮಕ್ಕಳು ಮೂವರೂ ಬೆಲ್ಟಿನೊಳಗೆ. ಬೆಟ್ಟಯ್ಯ ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದ. ಆಗ ಬಂದಳು ಬೆಟ್ಟಯ್ಯನ ಅಕ್ಕ ಮಲ್ಲಾಜಮ್ಮ, ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು. ತಾಯಿ ಸತ್ತ ಮೇಲೆ ಬೆಟ್ಟಯ್ಯನನ್ನು ಸಾಕಿದವಳು ಅವಳು. ಅವಳ ಮಾತಿಗೆ ಅವನು ಎದುರಾಡಿದ್ದಿಲ್ಲ.

"ನಾನೂ ಬತ್ತಿನಿ ಕಣ್ಲಾ ಬೆಟ್ಟ, ಬೀಗ್ರು ನಂಗೂ ಏಳವ್ರ," ಎನ್ನುತ್ತಾ ಅವಳು ಬಲಗಡೆಯ ಬಾಗಿಲು ತೆಗೆದೇಬಿಟ್ಟಳು. "ಈ ಕುರ್ಚಿಯ ಮನ ಒಳೀಕ್ ಇಟ್ಬುಡಿ. ಕೂಸ ನನ್ ತೊಡ ಮ್ಯಾಲ ಆಕ್ಕತಿನಿ. ಒಂಚೂರು ಅಡ್ಜಸ್ಟ್ ಮಾಡ್ಕಂಡ್ರ ಆಯ್ತದ."

ಮಾನಸ ಪುಟ್ಟಿಯ ಕುರ್ಚಿಯ ಮೇಲೆ ಕೈ ಇಟ್ಟಳು. "ಬ್ಯಾಡ ದೊಡ್ಡಮ್ಮ. ಕುರ್ಚಿ ತೆಗ್ಯಲ್ಲ," ಎಂದಳು. ಕೈ ಅಲ್ಲಿಂದ ತೆಗೆಯಲಿಲ್ಲ. ಮಲ್ಲಾಜಮ್ಮನ ಮುಖ ಕೆಂಪಾಯಿತು. ಬೀದಿಯಲ್ಲಿ ನಾಲ್ಕು ಜನ ನಿಂತು ನೋಡುತ್ತಿದ್ದರು. ಕುಮಾರಸ್ವಾಮಿ ಸ್ಟೇರಿಂಗು ಹಿಡಿದುಕೊಂಡು ಮುಂದಿನ ರಸ್ತೆಯನ್ನು ದಿಟ್ಟಿಸಿದ. ಎಲ್ಲರೂ ಬೆಟ್ಟಯ್ಯನ ಬಾಯಿ ನೋಡಿದರು. ಅವನು ಅಕ್ಕನಿಗೆ ಬೇಡ ಅನ್ನುವವನಲ್ಲ, ದಾರಿಯಲ್ಲಿ ಸಿಕ್ಕ ಅಪರಿಚಿತರನ್ನೇ ಬಿಟ್ಟು ಹೋದವನಲ್ಲ. ಮುಗಿಯಿತು ಅಂದುಕೊಂಡಳು ಮಾನಸ. ಇಷ್ಟು ದಿನ ಪಟ್ಟದ್ದೆಲ್ಲ ಮೊದಲನೆಯ ದಿನವೇ ನೀರುಪಾಲು.

ಬೆಟ್ಟಯ್ಯ ತನ್ನ ಬಾಗಿಲು ತೆಗೆದು ಕೆಳಗಿಳಿದ.

"ಬಾ ಅಕ್ಕ, ಇಲ್ಲಿ ಮುಂದ ಕೂತ್ಕ," ಎಂದ. "ನಾನು ಬಸ್ಸಲ್ಲಿ ಬತ್ತಿನಿ."

"ಮಾವ, ನಾನೇ ಬಸ್ಸಲ್ ಬತ್ತೀನಿ, ನೀವು ಕೂತ್ಕಳಿ," ಎಂದು ಮಾನಸ ಗಾಬರಿಯಾಗಿ ಬೆಲ್ಟು ಬಿಚ್ಚತೊಡಗಿದಳು. ಆ ಮುಂದಿನ ಸೀಟು ಅವನಿಗೆ ಏನು ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಸುಮ್ಕ ಕೂತ್ಕವ್ವ. ದಾರೀಲಿ ಕೂಸು ಅತ್ರ ನಾನು ಆಲ್ ಕೊಡಕ್ಕಾದ್ದಾ?" ಎಂದ ಬೆಟ್ಟಯ್ಯ. ಅಕ್ಕನನ್ನು ಕೂರಿಸಿ, ಅವಳಿಗೆ ಬೆಲ್ಟು ಹಾಕಿ, ಬಾಗಿಲು ಮುಚ್ಚಿ, ಎರಡು ಸಲ ತಟ್ಟಿದ. ಹೊರಡು ಎಂದು ಮಗನಿಗೆ ಸನ್ನೆ ಮಾಡಿ ಬಸ್ ನಿಲ್ಲುವ ಕಡೆ ಹೆಜ್ಜೆ ಹಾಕಿದ.

ಚಂದಕವಾಡಿಯಲ್ಲಿ ಹೊಸ ಮನೆಯ ಮುಂದೆ ಬಿಳಿ ಗಾಡಿ ನಿಂತಾಗ ನಿರೀಕ್ಷಿಸಿದ ಹಾಗೆಯೇ ಜನ ತಿರುಗಿ ನೋಡಿದರು. ಮುಂದಿನ ಸೀಟಿನಿಂದ ಇಳಿದದ್ದು ಮಲ್ಲಾಜಮ್ಮ. ಮಕ್ಕಳ ಬೆಲ್ಟು ಬಿಚ್ಚಿ ಒಬ್ಬೊಬ್ಬರನ್ನೇ ಇಳಿಸುವಾಗಲೂ, ಪುಟ್ಟಿಗೆ ಹಾಲು ಕೊಡುವಾಗಲೂ ಮಾನಸಳ ಕಣ್ಣು ರಸ್ತೆಯ ಮೇಲೇ ಇತ್ತು. ಬೆಟ್ಟಯ್ಯ ಗುಂಡ್ಲುಪೇಟೆಯಲ್ಲೊಮ್ಮೆ, ಚಾಮರಾಜನಗರದಲ್ಲೊಮ್ಮೆ ಬಸ್ಸು ಬದಲಿಸಿ ಬರಬೇಕಿತ್ತು. ಊಟದ ಮೊದಲನೆಯ ಪಂಕ್ತಿ ಎದ್ದ ಮೇಲೆ ಅವನು ಕಾಣಿಸಿದ. ಬಸ್ಸಿನ ನೂಕುನುಗ್ಗಲಿಗೆ ಪಂಚೆಯ ಇಸ್ತ್ರಿ ಮುದುರಿತ್ತು. ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

ಮಹದೇವಯ್ಯ ಚಪ್ಪರದಿಂದ ಎದ್ದು ಎದುರಿಗೆ ಹೋದ. "ಇದೇನ್ ಬೀಗ್ರೇ, ಮನ ಮುಂದ ಒಸ ಗಾಡಿ ನಿಂತದ, ನೀವು ನಡ್ಕಂಡ್ ಬತ್ತಿದ್ದರಿ?"

ಚಪ್ಪರದಲ್ಲಿ ಕೂತಿದ್ದವರೆಲ್ಲ ಕಿವಿ ಕೊಟ್ಟರು. ಬೆಟ್ಟಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. ಅವನ ತಲೆ ತಗ್ಗಲಿಲ್ಲ. ಟೆಂಪೊದ ಕಾಲದಲ್ಲಿ ಊರಿಗೆಲ್ಲ ಕೇಳುತ್ತಿದ್ದ ಅದೇ ಗಂಟಲು.

"ತುಂಬೋಗಿತ್ತು ಕಣ ಬೀಗ್ರೇ," ಎಂದ. "ನನ್ ಮೊಮ್ಮಕ್ಳು ಮೂರ್ ಸೀಟ್ನಲ್ಲಿ ಮೂರ್ ಜನ ಕೂತಿದ್ರು. ಗಾಡಿ ತುಂಬೋಗಿತ್ತು."

ಮಾನಸ ಚೊಂಬಿನಲ್ಲಿ ನೀರು ತಂದು ಮಾವನ ಕಾಲಿಗೆ ಸುರಿದಳು.