ದುರ್ನಡತೆ ಎಂಬ ಮರ್ಯಾದೆ

ಕಚೇರಿಯ ಎದುರಿನ ಮರದಡಿ ಕೂತು ಅರ್ಜಿ ಟೈಪ್ ಮಾಡಿಕೊಡುವುದು ನನ್ನ ಕಸುಬು. ಊರಿನವರ ಸಂಕಟವೆಲ್ಲ ನನ್ನ ಕಿವಿಗೆ ಬೀಳುತ್ತದೆ. ಆದರೂ ನಾನಿರುವ ಮನೆಯ ಮೇಲ್ಮಹಡಿಯಲ್ಲೇ ಏನು ನಡೆಯುತ್ತಿದೆ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ದೀಪದ ಬುಡದಲ್ಲೇ ಕತ್ತಲು.

ಆ ಮನೆಯಲ್ಲಿ ನಾಲ್ವರು. ಸೊಸೆ ಬಸ್ ಕಂಡಕ್ಟರ್. ಅವಳ ದನಿಗೆ ಸೀಟಿಯೇ ಬೇಡ. ಅವಳ ಗಂಡ ಸೈನ್ಯದಲ್ಲಿ ಲಾರಿ ಡ್ರೈವರ್ ಆಗಿದ್ದು ವಾಪಸಾದವನು. ಜೊತೆಗೆ ಅವನ ತಾಯಿ, ಮತ್ತು ಅವನನ್ನು ಸೈನ್ಯಕ್ಕೆ ಸೇರಿಸಿದ ದೊಡ್ಡಪ್ಪ. ಅವರೂ ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದವರೇ. ಬೆಳಗ್ಗೆ ಹೆಂಡತಿ ಡಿಪೋಗೆ ಹೊರಟರೆ ಡ್ರೈವರ್ ಪಾತ್ರೆ ತೊಳೆದು ಬಟ್ಟೆ ಒಣಗಿಸುತ್ತಿದ್ದ. "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣೇ" ಎಂದು ನಾನು ರೇಗಿಸಿದರೆ ಅವಳು ನಕ್ಕು ಮಾತು ಬದಲಿಸುತ್ತಿದ್ದಳು.

ಒಂದು ಭಾನುವಾರ ಮೇಲೆ ಕುಕ್ಕರ್ ಕೂಗಿದ್ದೇ ತಡ, ದೊಪ್ಪನೆ ಏನೋ ಬಿದ್ದಿತು. ಓಡಿಹೋದೆ. ಡ್ರೈವರ್ ತಾಯಿಯನ್ನು ನೆಲಕ್ಕೆ ಕೆಡವಿ, ಬಾಂಬಿನಿಂದ ಕಾಪಾಡುವವನಂತೆ ಅವರ ಮೇಲೆ ಅಡ್ಡ ಬಿದ್ದಿದ್ದ. ತಾಯಿಯ ಮುಂಗೈ ಮುರಿದಿತ್ತು. "ಕಾಲು ಜಾರಿ ಬಿದ್ದೆ ಅಂತ ಡಾಕ್ಟರಿಗೆ ಹೇಳು" ಎಂದು ದೊಡ್ಡಪ್ಪ ಆಗಲೇ ಪಾಠ ಹೇಳಿಕೊಡುತ್ತಿದ್ದರು.

ಆ ಸಂಜೆ ಕಂಡಕ್ಟರಮ್ಮ ನನ್ನ ಮುಂದೆ ಒಂದು ಕಾಗದ ಇಟ್ಟಳು. ಗಂಡನನ್ನು ಸೈನ್ಯದಿಂದ ಬಿಡುಗಡೆ ಮಾಡಿದ ಆದೇಶ. ಕಾರಣ: ದುರ್ನಡತೆ. ಮುಂದಿದ್ದ ಲಾರಿ ನೆಲಬಾಂಬಿಗೆ ಸಿಕ್ಕಿ ಮೂವರು ಗೆಳೆಯರು ಕಣ್ಣೆದುರೇ ಸತ್ತಿದ್ದರು. ಆಮೇಲೆ ಲಾರಿ ಹತ್ತು ಎಂದರೆ ಇವನಿಗೆ ಹತ್ತಲಾಗಲಿಲ್ಲ. ಒಬ್ಬ ಡಾಕ್ಟರಿಗೂ ತೋರಿಸದೆ, ಆಜ್ಞೆ ಮೀರಿದ ಎಂದು ಬರೆದು ಮನೆಗೆ ಕಳಿಸಿದ್ದರು. ದುರ್ನಡತೆಯವನಿಗೆ ಸೈನ್ಯದ ಆಸ್ಪತ್ರೆಯಲ್ಲಿ ಚಿಕಿತ್ಸೆ ಇಲ್ಲ. ವರ್ಷದೊಳಗೆ ಮೇಲ್ಮನವಿ ಹಾಕಿ, ಇದು ಕಾಯಿಲೆ ಎಂದು ತೋರಿಸಿದರೆ ಮಾತ್ರ ಉಂಟು. ವರ್ಷ ತುಂಬಲು ಒಂಬತ್ತೇ ದಿನ ಉಳಿದಿತ್ತು.

"ಇಷ್ಟು ದಿನ ಏನ್ ಮಾಡ್ತಿದ್ರೇ?"

"ದೊಡ್ಡಪ್ಪ ಬೇಡ ಅಂದ್ರು ಅಕ್ಕಾ."

ನಮ್ಮ ಬೀದಿಯ ಈ ಪದ್ಧತಿ ನಿಮ್ಮ ಬೀದಿಯಲ್ಲೂ ಇರಬಹುದು. ಮನಸ್ಸು ನೊಂದು ಬಂದ ಸೈನಿಕನನ್ನು ಪುಂಡ ಎಂದರೂ ಸರಿ, ಕಾಯಿಲೆಯವನು ಎನ್ನಬಾರದು. ಮೇಲಧಿಕಾರಿಗೆ ಎದುರು ನಿಂತು ಬಂದ ಎಂದರೆ ಮೀಸೆ ತಿರುವಬಹುದಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಖಾಲಿ ಹಾಳೆ ಹಿಡಿದು ಅವಳ ಹಿಂದೆಯೇ ಮೆಟ್ಟಿಲು ಹತ್ತಿದೆ.

"ನೀವು ಇದಕ್ಕೆಲ್ಲ ತಲೆ ಹಾಕ್ಬೇಡಿ ತಾಯಿ," ಎಂದರು ದೊಡ್ಡಪ್ಪ. "ಪುಂಡ ಅಂದ್ರೆ ನಾಳೆ ಸರಿಹೋಗ್ತಾನೆ ಅಂತಾರೆ. ತಲೆ ಕೆಟ್ಟಿದೆ ಅಂತ ಒಂದ್ಸಲ ಬರೆದ್ರೆ ಏಳು ತಲೆಮಾರಿಗೂ ಅಳಿಸಲ್ಲ."

"ಅವನ ಕಾಲಿಗೆ ಗುಂಡು ಬಿದ್ದಿದ್ರೆ?"

"ಅದು ಗಾಯ! ಬೀದಿಗೆಲ್ಲ ತೋರಿಸ್ತಿದ್ದೆ."

"ಇದೂ ಗಾಯಾನೇ. ಕಣ್ಣಿಗೆ ಕಾಣಲ್ಲ, ಅಷ್ಟೇ."

"ನಾವೂ ಯುದ್ಧ ನೋಡಿದೀವಿ. ನಮಗೇನೂ ಆಗ್ಲಿಲ್ವಲ್ಲ."

ಡ್ರೈವರನ ತಾಯಿ ಮುರಿದ ಕೈ ಹಿಡಿದುಕೊಂಡೇ ಮುಂದೆ ಬಂದರು. "ಏನೂ ಆಗ್ಲಿಲ್ವಾ ಭಾವ? ತೀರಿಕೊಂಡ ನಿಮ್ಮ ಹೆಂಡ್ತಿ, ನಮ್ಮಕ್ಕ, ಯುದ್ಧದಿಂದ ಬಂದ ನಿಮಗೆ ಹೆದರಿ ಎಷ್ಟು ವರ್ಷ ನನ್ನ ಪಕ್ಕ ಮಲಗಿದ್ಲು ಅಂತ ಹೇಳ್ಲಾ?"

ದೊಡ್ಡಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು.

ಬಾಗಿಲ ಬಳಿ ಕೂತಿದ್ದ ಡ್ರೈವರ್ ಎದ್ದು ನಿಂತ. "ದೊಡ್ಡಪ್ಪ, ನೀವು ಹೇಳಿದ್ರಿ ಅಂತ ಒಂದು ವರ್ಷ ಪುಂಡ ಅನ್ನಿಸ್ಕೊಂಡೆ. ಇನ್ನು ನನ್ನ ಕೈಲಾಗಲ್ಲ. ಇವತ್ತು ಅಮ್ಮನ ಕೈ ಮುರಿದೆ. ನಾಳೆ ಇವಳನ್ನ ಏನ್ ಮಾಡ್ತೀನೋ ನನಗೇ ಗೊತ್ತಿಲ್ಲ. ನನಗೆ ಕಾಯಿಲೆ ಇದೆ. ಅಕ್ಕಾ, ಹಾಗೇ ಬರೀರಿ."

ಅವನು ಅಳುತ್ತಿದ್ದ. ಸಹಿ ಮಾತ್ರ ಸರಿಯಾಗಿ ಹಾಕಿದ.

ವಿಚಾರಣೆಯ ದಿನ ದೊಡ್ಡಪ್ಪ ಯಾರೂ ಕರೆಯದೆ ನಮ್ಮ ಜೊತೆ ಬಂದರು. ಮೇಲ್ಮನವಿ ಕೇಳುವ ಮಂಡಳಿಯ ಮುಂದೆ ಅವರು ಆಡಿದ್ದು ಎರಡೇ ಮಾತು: "ಇವನನ್ನ ಸೇರಿಸಿದವನು ನಾನೇ. ನಾನು ಕಳಿಸ್ದಾಗ ಹುಡುಗ ಹೀಗಿರಲಿಲ್ಲ."

ಎರಡು ತಿಂಗಳಿಗೆ, ದುರ್ನಡತೆ ಎಂದಿದ್ದಲ್ಲಿ ಕಾಯಿಲೆ ಎಂದು ಆದೇಶ ತಿದ್ದಿ ಬಂತು. ಪೂರ್ತಿ ವಾಸಿಯಾದ ಎಂದು ನಾನು ಸುಳ್ಳು ಹೇಳಲಾರೆ. ಚಿಕಿತ್ಸೆ ಈಗಷ್ಟೇ ಶುರುವಾಗಿದೆ. ಮೊದಲ ದಿನ ಗಂಡ ಹೆಂಡತಿ ಆಸ್ಪತ್ರೆಗೆ ಹೊರಟಾಗ ನಾನೂ ಬಾಗಿಲಲ್ಲಿದ್ದೆ. ಎದುರುಮನೆಯ ಇಸ್ತ್ರಿಯವನು ಕೇಳಿದ, "ಎಲ್ಲಿಗೆ ಹೊರಟ್ರಿ ಇಬ್ರೂ?"

"ಆಸ್ಪತ್ರೆಗೆ, ಮನಸ್ಸಿನ ಡಾಕ್ಟರ್ ಹತ್ರ," ಎಂದ ಡ್ರೈವರ್, ಬೀದಿಗೆಲ್ಲ ಕೇಳುವಂತೆ.

ಇಸ್ತ್ರಿಯವನ ಮಗನೂ ಸೈನ್ಯದಿಂದ "ಪುಂಡ"ನಾಗಿಯೇ ಬಂದು ಮನೆಯೊಳಗೆ ಕೂತಿದ್ದ. ಗಂಡ ಹೆಂಡತಿ ತಿರುವು ದಾಟುವವರೆಗೆ ನೋಡಿ, ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಅವನು ನನ್ನ ಹತ್ತಿರ ಬಂದ.

"ಅಮ್ಮಾ, ನಮ್ಮ ಹುಡುಗ ಬಂದು ಎಂಟು ತಿಂಗಳಾಯ್ತು. ಇನ್ನೂ ಟೈಮ್ ಇದ್ಯಾ?"

"ಇದೆ," ಎಂದೆ. "ಕಾಗದ ತಗೊಂಡ್ ಬಾ. ಅವನನ್ನೂ ಕರ್ಕೊಂಡ್ ಬಾ."