ನೀರಿನ ಪಾಲಿನ ಹುಲ್ಲು

ಅವರ್ಸಾದ ಗಜನಿಯಲ್ಲಿ ಬೆಳಗಿನ ಇಳಿತಕ್ಕೆ ಬಲೆ ಎತ್ತುವಾಗ ದಮಯಂತಿ ಮೊದಲು ನೋಡುತ್ತಿದ್ದದ್ದು ತನ್ನ ಬಲೆಯನ್ನಲ್ಲ, ಕಲಾವತಿಯ ಬಲೆಯನ್ನು. ಅದು ಎಷ್ಟು ಜೋತುಬಿದ್ದಿದೆ ಎಂದು ಕಣ್ಣಲ್ಲೇ ತೂಗಿ, ಮುಖ ಹುಳಿ ಮಾಡಿಕೊಂಡು, ಆಮೇಲೆ ತನ್ನದನ್ನು ಎತ್ತುತ್ತಿದ್ದಳು. ತನ್ನದರಲ್ಲಿ ಎಷ್ಟೇ ಬಿದ್ದಿರಲಿ, ಕಲಾವತಿಯದಕ್ಕಿಂತ ಒಂದು ಹಿಡಿ ಕಡಿಮೆಯಾಗಿದ್ದರೆ ಆ ದಿನದ ಸಾರಿಗೆ ರುಚಿಯೇ ಇರುತ್ತಿರಲಿಲ್ಲ.

ಇಬ್ಬರೂ ವಾರಗಿತ್ತಿಯರು. ಗಜನಿ ಎಂದರೆ ಹೊಳೆಯ ಉಪ್ಪುನೀರು ಏರಿ ಇಳಿಯುವ ತಗ್ಗು ಗದ್ದೆ. ಮಳೆಗಾಲದಲ್ಲಿ ಅಲ್ಲಿ ಉಪ್ಪಿಗೆ ಹೆದರದ ಕಗ್ಗ ಭತ್ತ ಬೆಳೆಯುತ್ತದೆ, ಕೊಯ್ಲು ಮುಗಿದ ಮೇಲೆ ಅದೇ ನೀರಿನಲ್ಲಿ ಸಿಗಡಿ ಬೆಳೆಯುತ್ತದೆ. ಅಣ್ಣತಮ್ಮಂದಿರು ಪಾಲಾದಾಗ ಹೊಳೆಯ ಕಡೆಯ ಅರ್ಧ ತಮ್ಮನಿಗೆ ಹೋಯಿತು, ಒಳಗಿನ ಅರ್ಧ ದಮಯಂತಿಯ ಗಂಡ ರಾಮನಾಥನಿಗೆ ಬಂತು. ನಡುವೆ ಒಂದು ಬದು, ಬದುವಿನಲ್ಲಿ ನೀರು ಹಾಯಲು ಒಂದು ಕಂಡಿ. ದಮಯಂತಿ ಬಲೆ ಕಟ್ಟುವುದು ಈ ಕಂಡಿಗೆ, ಕಲಾವತಿ ಕಟ್ಟುವುದು ಹೊಳೆಗೆ ನೀರು ಬಿಡುವ ಬಾಗಿಲಿಗೆ. ದಮಯಂತಿಯ ಗದ್ದೆಯ ನೀರು ಕಲಾವತಿಯ ಗದ್ದೆಯನ್ನು ದಾಟಿಯೇ ಹೊಳೆ ಸೇರಬೇಕು. ಪಾಲು ಮಾಡಿದವರು ಇದರಲ್ಲಿ ತಪ್ಪೇನೂ ಕಾಣಲಿಲ್ಲ. ದಮಯಂತಿಗೆ ಮಾತ್ರ ಹಗಲೂ ರಾತ್ರಿ ಇದೇ ಕಾಣುತ್ತಿತ್ತು.

ಸಿಗಡಿ ಹೋದರೆ ಹೋಗಲಿ ಎಂದು ಅವಳು ಸುಮ್ಮನಿರುತ್ತಿದ್ದಳೋ ಏನೋ. ಆದರೆ ಮಗಳೂ ಆ ಕಡೆಗೇ ಹರಿದುಹೋಗಿದ್ದಳು. ರಕ್ಷಿತಾ ಚಿಕ್ಕಂದಿನಿಂದ ತಲೆ ಬಾಚಿಸಿಕೊಂಡದ್ದು ಕಾಕಿ ಕಲಾವತಿಯ ಹತ್ತಿರ, ಪರೀಕ್ಷೆಯಲ್ಲಿ ಪಾಸಾದ ಸುದ್ದಿ ಮೊದಲು ಹೇಳಿದ್ದು ಕಾಕಿಗೆ. ಕಲಾವತಿಗೆ ಇಬ್ಬರೂ ಗಂಡುಮಕ್ಕಳು, ಹೆಣ್ಣಿನಾಸೆಗೆ ಹಚ್ಚಿಕೊಂಡಿದ್ದಾಳೆ ಎಂದು ರಾಮನಾಥ ಸಮಾಧಾನ ಹೇಳುತ್ತಿದ್ದ. 'ಹೆತ್ತವಳು ನಾನು, ಹಚ್ಚಿಕೊಳ್ಳುವವಳು ಅವಳಾ?' ಎಂದು ದಮಯಂತಿ ಒಳಗೊಳಗೇ ಕುದಿಯುತ್ತಿದ್ದಳು. ಇದನ್ನು ಅವಳು ಹೊಟ್ಟೆಕಿಚ್ಚು ಎನ್ನುತ್ತಿರಲಿಲ್ಲ, ನ್ಯಾಯ ಎನ್ನುತ್ತಿದ್ದಳು.

ಹಾರವಾಡಕ್ಕೆ ಮದುವೆಯಾಗಿ ಹೋದ ರಕ್ಷಿತಾ ಆ ವರ್ಷ ಬಸುರಿಯಾದಳು. ದೀಪಾವಳಿಗೆ ಬಂದವಳನ್ನು ದಮಯಂತಿ ಮುದ್ದಿನಿಂದ ಕೇಳಿದಳು.

"ಬಯಕೆ ಊಟಕ್ಕೆ ಎಂತಾ ಬೇಕೇ ನಿಂಗೆ?"

"ನಮ್ ಗಜನಿ ಸಿಗಡಿ ಆಯಿ," ಎಂದಳು ರಕ್ಷಿತಾ. ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು! "ಕಾಕಿ ಮಾಡ್ತದಲಾ, ಮುರುಗಲು ಹುಳಿ ಹಾಕಿ, ಹಂಗೆ."

ದಮಯಂತಿಯ ಎದೆಗೆ ಕೊಳ್ಳಿ ಇಟ್ಟಂತಾಯಿತು. ಬಯಕೆ ಬಡಿಸುವುದು ತವರಿನ ಹಕ್ಕು. ಆ ದಿನ ಮಗಳ ಎಲೆಗೆ ತನ್ನ ಗದ್ದೆಯ ಸಿಗಡಿಯೇ ಬೀಳಬೇಕು, ತನ್ನ ಕೈಯಿಂದಲೇ ಬೀಳಬೇಕು, ಉಂಡವಳು ಕಾಕಿಯ ಹೆಸರೆತ್ತಬಾರದು. ಇಷ್ಟನ್ನು ಅವಳು ಗಟ್ಟಿಮಾಡಿಕೊಂಡಳು.

ಕಗ್ಗದ ಕೊಯ್ಲು ಬಂತು. ಮೊಣಕಾಲುದ್ದ ನೀರಿನಲ್ಲಿ ನಿಂತು ಬರೀ ತೆನೆ ಕೊಯ್ದು, ಹುಲ್ಲನ್ನು ಹಾಗೇ ನೀರಿಗೆ ಬಿಡುವುದು ಅಲ್ಲಿನ ರೂಢಿ. ಅತ್ತೆ ಬದುಕಿದ್ದಾಗ "ಹುಲ್ ಮುಟ್ಬೇಡ, ಅದು ನೀರಿಂದು" ಎಂದು ಎಚ್ಚರಿಸುತ್ತಿದ್ದಳು. ಆ ಹುಲ್ಲು ಕೊಳೆತು ಸಿಗಡಿಗೆ ಮೇವಾಗುತ್ತದೆ ಎಂಬುದು ದಮಯಂತಿಗೂ ಗೊತ್ತಿತ್ತು. ಗೊತ್ತಿದ್ದದ್ದೇ ಕೇಡಾಯಿತು. ತೆನೆ ಕೊಯ್ಯುತ್ತ ಕಂಡಿಯ ಹತ್ತಿರ ಬಂದಾಗ ಅವಳ ಕಣ್ಣಿಗೆ ಬಿತ್ತು: ಕೊಳೆತ ಎಲೆ, ಲೋಳೆ, ಪಾಚಿಯ ಚೂರು ಎಲ್ಲವೂ ಇಳಿತದ ನೀರಿನ ಜೊತೆ ಕಲಾವತಿಯ ಗದ್ದೆಗೆ ಹೋಗುತ್ತಿದ್ದವು.

ಹಾಗಾದರೆ ಇಷ್ಟು ವರ್ಷ ಅವಳ ಸಿಗಡಿ ಕೊಬ್ಬಿದ್ದು ನನ್ನ ಹುಲ್ಲು ತಿಂದು! ಮಗಳನ್ನು ಮರುಳು ಮಾಡಿದ ಸಾರು ನನ್ನ ಗದ್ದೆಯದ್ದು!

ಮರುದಿನವೇ ಕತ್ತಿ ಹಿಡಿದು ಇಳಿದಳು. ಬಗ್ಗಿ ಬಗ್ಗಿ, ಸೊಂಟ ಬಿದ್ದುಹೋಗುವ ತನಕ, ಹುಲ್ಲನ್ನು ಬುಡಕ್ಕೇ ಕೊಯ್ದು ದಡಕ್ಕೆ ಎಳೆದು ಹಾಕಿದಳು. ಕಾರವಾರದ ಕಚೇರಿಗೆ ಬಸ್ಸು ಹಿಡಿಯಲು ಹೊರಟಿದ್ದ ರಾಮನಾಥ ಬದುವಿನ ಮೇಲೆ ನಿಂತ.

"ಏ, ಹಿಂಗೆ ಬುಡಕ್ಕೇ ಕೊಯ್ಯುದಾ? ಯಾರಾರೂ ಕೊಯ್ತಾರಾ?"

"ಎಮ್ಮೆಗೆ ಬೇಕು. ನೀವು ಬಸ್ ಹಿಡೀರಿ."

ಎಮ್ಮೆ ಆ ಉಪ್ಪು ಹುಲ್ಲನ್ನು ಮೂಸಿ ನೋಡಿ ಮುಖ ತಿರುಗಿಸಿತು. ಹುಲ್ಲಿನ ರಾಶಿ ದಡದ ಮೇಲೆ ಬಿಸಿಲಿಗೆ ಒಣಗುತ್ತ ಬಿತ್ತು. ದಮಯಂತಿಗೆ ಅದರಿಂದೇನೂ ಬೇಸರವಾಗಲಿಲ್ಲ. ಕಲಾವತಿಯ ಬಾಯಿಗೆ ಹೋಗದಿದ್ದರೆ ಸಾಕು ಎಂದುಕೊಂಡಳು.

ಒಂದು ತಿಂಗಳಲ್ಲಿ ಗದ್ದೆಯ ನೀರು ತಿಳಿಯಾಯಿತು. ತಳದ ಕೆಸರು ಕಾಣುವಷ್ಟು ಚೊಕ್ಕ ನೀರು. ಮೊದಮೊದಲು ಅವಳಿಗೆ ಹೆಮ್ಮೆಯೇ ಆಯಿತು. ಆದರೆ ಬೆಳ್ಳಕ್ಕಿಗಳು ಒಂದೊಂದಾಗಿ ಬದು ದಾಟಿ ಕಲಾವತಿಯ ಗದ್ದೆಯಲ್ಲಿ ಕೂರತೊಡಗಿದವು. 'ಹಕ್ಕಿಗೂ ಅವಳೇ ಬೇಕಾ?' ಎಂದು ದಮಯಂತಿ ಹಲ್ಲು ಕಡಿದಳು. ಅವಳು ಏನು ಮಂತ್ರ ಹಾಕಿದ್ದಾಳೆ ನೋಡಿಯೇ ಬಿಡೋಣ ಎಂದು ಒಂದು ಮಧ್ಯಾಹ್ನ, ಯಾರೂ ಇಲ್ಲದ ಹೊತ್ತು ನೋಡಿ, ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಆ ಕಡೆಯ ನೀರಿಗೆ ಬಗ್ಗಿದಳು.

ಹೊಟ್ಟೆಕಿಚ್ಚಿನ ಕಣ್ಣಿಗೆ ಸಣ್ಣದೂ ತಪ್ಪುವುದಿಲ್ಲ. ಕಲಾವತಿಯ ಕಗ್ಗದ ದಂಟುಗಳು ನೀರಿನೊಳಗೆ ಕಪ್ಪಾಗಿ, ಲೋಳೆ ಹಿಡಿದು ನಿಂತಿದ್ದವು. ಆ ಲೋಳೆಯ ಮೇಲೆ ಕಣ್ಣಿಗೆ ಕಂಡೂ ಕಾಣದ ಹುಳಗಳು ಹರಿದಾಡುತ್ತಿದ್ದವು. ದಂಟು ದಂಟಿಗೂ ಸಿಗಡಿಯ ಮರಿಗಳು ಕಾಲೂರಿ ಮೇಯುತ್ತಿದ್ದವು. ಮರಿಗಳ ಹಿಂದೆ ಮೀನು, ಮೀನಿನ ಹಿಂದೆ ಬೆಳ್ಳಕ್ಕಿ. ಬೆಳ್ಳಕ್ಕಿ ಹಾಕಿದ ಹಿಕ್ಕೆ ಬಿದ್ದ ಜಾಗದಲ್ಲಿ ಮತ್ತೆ ಹಸಿರು ಪಾಚಿ. ಒಂದರ ಬಾಯಿಂದ ಇನ್ನೊಂದರ ಬಾಯಿಗೆ ಏನೋ ದಾಟುತ್ತಲೇ ಇತ್ತು, ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಭರತದ ಏರುನೀರಿನ ಜೊತೆ ಹೊಳೆಯಿಂದ ಬಂದ ಒಂದು ಹಿಂಡು ಮರಿಗಳು ಕಂಡಿ ದಾಟಿ ತನ್ನ ಗದ್ದೆಗೂ ಬಂದದ್ದನ್ನು ಅವಳು ನೋಡಿದಳು. ಬಂದವು ಬರೀ ಕೆಸರಿನ ಮೇಲೆ ಸ್ವಲ್ಪ ಸುತ್ತಾಡಿದವು, ನೀರು ತಿರುಗಿದ ಕೂಡಲೇ ಬಂದ ದಾರಿಯಲ್ಲೇ ಹಿಂದೆ ಹೋದವು. ಕರೆದು ಉಪವಾಸ ಕೆಡವಿದ ಮನೆಯಲ್ಲಿ ಯಾರು ನಿಲ್ಲುತ್ತಾರೆ?

ತಾನೇನು ಮಾಡಿದೆ ಎಂದು ದಮಯಂತಿಗೆ ತಿಳಿಯಿತು. ಆದರೆ ಹುಲ್ಲನ್ನು ಮತ್ತೆ ನೆಡಲಾಗುತ್ತದೆಯೇ?

ಬಯಕೆಯ ಹಿಂದಿನ ಬೆಳಿಗ್ಗೆ ಅವಳ ಬಲೆಗೆ ಬಿದ್ದದ್ದು ಎರಡು ಏಡಿ ಮತ್ತು ಒಂದು ತೆಂಗಿನ ಚಿಪ್ಪು. ಆಚೆ ಕಲಾವತಿ ಬಲೆ ಎತ್ತಲಾರದೆ ನಗುತ್ತಿದ್ದಳು. ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬದುವಿನ ತನಕ ಬಂದಳು.

"ಅಕ್ಕಾ, ತಕಾ. ನಾಳೆಗೆ ಬೇಕಲಾ. ನಂದೆಂತ, ನಿಂದೆಂತ?"

"ನನ್ ಮಗಳಿಗೆ ಬಡಿಸುಕೆ ನಂಗೆ ಗೊತ್ತದೆ," ಎಂದು ದಮಯಂತಿ ಬೆನ್ನು ತಿರುಗಿಸಿದಳು. ಅಳು ಬಂದದ್ದು ಅವಳಿಗೆ ಕಾಣಬಾರದಿತ್ತು.

ಅಂದೇ ಬಸ್ಸು ಹತ್ತಿ ಕಾರವಾರದ ಮೀನು ಪೇಟೆಗೆ ಹೋದಳು. ಸಮುದ್ರದ ಸಿಗಡಿ, ದೊಡ್ಡದು, ನೋಡಲು ಚಂದ. ಮುಚ್ಚಿಟ್ಟುಕೊಂಡು ತಂದಳು. ಮರುದಿನ ಮುರುಗಲು ಹಾಕಿ, ಕಾಯಿ ನುಣ್ಣಗೆ ಅರೆದು ಸಾರು ಮಾಡಿದಳು. ನಂಟರ ಹೆಂಗಸರು ಸಾಲಾಗಿ ಕುಳಿತರು. ಹಸಿರು ಸೀರೆ ಉಟ್ಟ ರಕ್ಷಿತಾ ನಡುವೆ, ಅವಳ ಮಗ್ಗುಲಲ್ಲಿ ಕಲಾವತಿ. ದಮಯಂತಿ ಮಗಳ ಎಲೆಗೆ ಬಡಿಸಿ, "ನಮ್ ಗಜನಿದೇ. ಉಣ್ಣು," ಎಂದಳು.

ರಕ್ಷಿತಾ ಒಂದು ತುತ್ತು ಬಾಯಿಗಿಟ್ಟಳು. ಹುಬ್ಬು ಗಂಟಿಕ್ಕಿದಳು.

"ಆಯಿ, ಇದು ನಮ್ ಗಜನಿದಲ್ಲಾ. ಸಿಹಿ ಇಲ್ಲಾ ಇದ್ರಲ್ಲಿ."

ಸಾಲಿನಲ್ಲಿ ಉಣ್ಣುತ್ತಿದ್ದ ಕೈಗಳು ನಿಂತವು.

"ಅಯ್ಯ, ಬಸುರಿ ನಾಲಿಗೆ ಅದು!" ಎಂದು ಕಲಾವತಿ ಜೋರಾಗಿ ನಕ್ಕಳು. "ನಂಗೂ ದೊಡ್ಡವ ಹೊಟ್ಟೇಲಿದ್ದಾಗ ಹಿಂಗೇ, ಎಲ್ಲಾ ಸಪ್ಪೆ. ನಿನ್ನೆ ಬೆಳಿಗ್ಗೆ ನನ್ ಕಣ್ಣೆದ್ರಿಗೇ ಬಲೆ ಎತ್ತಿದ್ದು ನಿನ್ ಆಯಿ. ಸುಮ್ನೆ ಉಣ್ಣು."

ರಕ್ಷಿತಾ ನಾಚಿ ಉಂಡಳು. ಸಾಲು ಮತ್ತೆ ಗಲಗಲ ಎಂದಿತು. ಕಲಾವತಿ ತಲೆ ಎತ್ತಿ ನೋಡಲೂ ಇಲ್ಲ, ಇನ್ನೊಂದು ಸೌಟು ಹಾಕಿಸಿಕೊಂಡಳು.

ದಮಯಂತಿ ಅಡುಗೆಮನೆಗೆ ಬಂದು ಗೋಡೆಗೆ ಒರಗಿದಳು. ಮಾನ ಉಳಿಯಿತು. ಆದರೂ ಅವಳ ಹೊಟ್ಟೆ ಆಗ ಉರಿದಷ್ಟು ಹಿಂದೆಂದೂ ಉರಿದಿರಲಿಲ್ಲ. ದೊಡ್ಡ ಮನಸ್ಸೂ ಅವಳದೇ ಆಗಬೇಕಿತ್ತೇ? ಅದನ್ನಾದರೂ ನನಗೆ ಬಿಟ್ಟುಕೊಡಬಾರದಿತ್ತೇ?

ಮುಂದಿನ ಕೊಯ್ಲಿಗೆ ರಕ್ಷಿತಾಳ ಮಗು ಕೂರಲು ಕಲಿತಿತ್ತು. ತವರಿಗೆ ಬಂದಾಗ ಮಗು ಇರುತ್ತಿದ್ದದ್ದು, ಬೇರೆಲ್ಲಿ, ಕಲಾವತಿಯ ಸೊಂಟದಲ್ಲಿ. ಅವಳು ಅದನ್ನೆತ್ತಿಕೊಂಡು ಬದುವಿನ ಮೇಲೆ ನಿಂತಿದ್ದಾಗ ದಮಯಂತಿ ನೀರಿನಲ್ಲಿ ತೆನೆ ಕೊಯ್ಯುತ್ತಿದ್ದಳು. ಬರೀ ತೆನೆ. ಕತ್ತಿಯನ್ನು ಎಷ್ಟು ಮೇಲೆ ಹಿಡಿದಿದ್ದಳೆಂದರೆ ಕೆಲವು ಕಾಳೂ ದಂಟಿನಲ್ಲೇ ಉಳಿಯುತ್ತಿದ್ದವು.

"ಅಕ್ಕಾ, ಇಷ್ಟುದ್ದ ಹುಲ್ಲು ಬಿಟ್ಯಲೇ!"

"ನಿಂದಕ್ಕಿಂತ ಒಂದ್ ಗೇಣು ಉದ್ದ ಅದೆ. ಬೇಕಾದ್ರೆ ಅಳೆದು ನೋಡು," ಎಂದಳು ದಮಯಂತಿ.

ಇಳಿತ ಶುರುವಾಗಿತ್ತು. ಮುರಿದ ಎಲೆಗಳು ಕಂಡಿಯ ಕಡೆ ಸಾಗಿದವು. ದಮಯಂತಿ ಕಾಲಿನಿಂದ ಇನ್ನೊಂದಿಷ್ಟನ್ನು ಆ ಕಡೆಗೇ ತಳ್ಳಿದಳು. ಹೋಗಲಿ. ಅವಳ ಸಿಗಡಿ ತಿನ್ನಲಿ, ಕೊಬ್ಬಲಿ, ಅವಳೇ ಮುರುಗಲು ಹಾಕಿ ಸಾರು ಮಾಡಲಿ. ನಾಳೆ ಈ ಮಗು ಅವಳ ತೊಡೆಯ ಮೇಲೆ ಕುಳಿತು ಉಂಡರೂ, ಆ ತುತ್ತಿನೊಳಗೆ ನನ್ನ ಗದ್ದೆಯ ಹುಲ್ಲು ಇದ್ದೇ ಇರುತ್ತದೆ.