ನೀಲಿ ಅಂಚು

“ಅದನ್ನ ಇಲ್ಲಿ ಕೊಡಿ,” ಎಂದು ತಂಗಿ ಕೈ ಚಾಚಿದಳು. ಎದುರುಮನೆಯಾಕೆ ಆಗಲೇ ಆ ಹೆಣೆದ ಉಲ್ಲನ್ ಚೌಕವನ್ನು ಮಡಚಿ ತನ್ನ ಚೀಲದೊಳಗೆ ಇಳಿಸಿದ್ದಳು.

“ನಿಮ್ಮ ಭಾವನೇ ಕೊಟ್ಟಿದ್ದು ಕಣಮ್ಮಾ. ನೆನಪಿಗೆ ಇಟ್ಕೊಳ್ಳಿ ಅಂದ್ರು.”

“ಅವರದಲ್ಲ ಅದು ಕೊಡೋಕೆ.”

ಎದುರುಮನೆಯಾಕೆ ಪಕ್ಕದವರ ಮುಖ ನೋಡಿದಳು. ಪಾಪ, ಸಂಕಟಕ್ಕೆ ತಲೆ ಕೆಟ್ಟಿದೆ ಎನ್ನುವ ಹಾಗೆ ತುಟಿ ಕೊಂಕಿಸಿ ಚೌಕವನ್ನು ಹೊರತೆಗೆದಳು. ಹಳದಿ ನಡು, ಅದರ ಸುತ್ತ ಕೆಂಪು, ಅದರ ಸುತ್ತ ಹಸಿರು. ಅಂಗೈಗಿಂತ ಕೊಂಚ ದೊಡ್ಡದು. ತಂಗಿ ಅದನ್ನು ಎಡಗೈಯಲ್ಲಿದ್ದ ಉಳಿದವುಗಳ ಮೇಲಿಟ್ಟುಕೊಂಡು ಮುಂದಿನ ಕುರ್ಚಿಗೆ ಹೋದಳು.

ಅಕ್ಕನನ್ನು ಹೊರಗಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಮಲಗಿಸಿದ್ದರು. ಆಸ್ಪತ್ರೆಯಿಂದ ಬಂದ ಬಿಳಿ ಹೊದಿಕೆಯೇ ಇನ್ನೂ ಮೈಮೇಲಿತ್ತು. ಮೊಣಕಾಲಿನ ಮೇಲೆ ಅದಕ್ಕೊಂದು ತೇಪೆ. ಅದನ್ನು ಹಾಕಿದ್ದು ಅಕ್ಕನೇ ಇರಬೇಕು. ಆಸ್ಪತ್ರೆಯ ರಿಪೇರಿ ಕೋಣೆಯಲ್ಲಿ ಹರಿದ ಹೊದಿಕೆ, ದಿಂಬಿನ ಚೀಲ, ಡಾಕ್ಟರರ ಕೋಟುಗಳನ್ನು ಹೊಲಿಯುವುದೇ ಅವಳ ಕೆಲಸವಾಗಿತ್ತು. ಹೊಸ ಬಟ್ಟೆ ಅವಳ ಮೇಜಿಗೆ ಬಂದದ್ದೇ ಇಲ್ಲ. ಮೊನ್ನೆ ಅದೇ ಮೇಜಿನ ಮೇಲೆ ತಲೆಯಿಟ್ಟವಳು ಮತ್ತೆ ಎತ್ತಲಿಲ್ಲ.

ಬಾಗಿಲ ಬಳಿ ಭಾವ ನಿಂತಿದ್ದ. ನಿವೃತ್ತ ಬಸ್ ಕಂಡಕ್ಟರು. ಬಂದವರ ಹೆಗಲು ಮುಟ್ಟಿ ಒಂದೊಂದು ಚೌಕ ಕೈಗಿಡುತ್ತಿದ್ದ.

“ನಮ್ಮೋಳ ಕೈಕೆಲಸ. ಇಟ್ಕೊಳ್ಳಿ. ಅರ್ಧಕ್ಕೇ ಬಿಟ್ಟು ಹೋದ್ಲು.”

ಬಂದವರ ಕಣ್ಣು ತುಂಬಿಕೊಳ್ಳುತ್ತಿತ್ತು. ಅವನ ದೊಡ್ಡತನವೆಲ್ಲ ಅಕ್ಕನ ಕೈಯಿಂದಲೇ ನಡೆದದ್ದು. ಬೀದಿಯಲ್ಲಿ ಯಾರ ಪ್ಯಾಂಟಿನ ಜಿಪ್ಪು ಕಿತ್ತುಹೋದರೂ “ನಮ್ಮೋಳು ಮಾಡ್ಕೊಡ್ತಾಳೆ ಬಿಡಿ” ಎನ್ನುತ್ತಿದ್ದ. ಕೆಲಸ ಮುಗಿಸಿ ಬಂದ ಅಕ್ಕ ಚಪ್ಪಲಿ ಬಿಡುವ ಜಾಗದಲ್ಲೇ ಬೇರೆಯವರ ಹರಕು ಬಟ್ಟೆಯ ಗಂಟು ಕಾದಿರುತ್ತಿತ್ತು. ಬೀದಿಗೆಲ್ಲ ಅವನು ದೇವರಂಥ ಮನುಷ್ಯ.

“ಉಳಿದಿದ್ದು ಎಲ್ಲಿ ಭಾವ?” ತಂಗಿ ಕೇಳಿದಳು. “ಒಂದೂ ಬಿಡದೆ ಬೇಕು. ಗಾಡಿ ಬರೋದ್ರೊಳಗೆ ಜೋಡಿಸಿ ಅಕ್ಕನಿಗೆ ಹೊದಿಸ್ತೀನಿ.”

ಭಾವ ಎಲ್ಲರಿಗೂ ಕೇಳುವ ಹಾಗೆ ನಿಟ್ಟುಸಿರು ಬಿಟ್ಟ. “ಆಗಿದ್ರೆ ತಾನೇ ಹೊದಿಸೋದು? ನಮ್ಮ ಮಂಚಕ್ಕೆ ಅಂತ ಶುರು ಮಾಡಿದ್ಲು. ಅರ್ಧಾನೂ ಆಗಿಲ್ಲ. ಚಿಂದಿ ಹೊದಿಸಿ ಕಳಿಸ್ತೀಯಾ ನಿಮ್ಮಕ್ಕನ್ನ?”

“ಆಗಿದೆ.”

“ದಿನಾ ನೋಡ್ತಿದ್ದೋನು ನಾನು ಕಣಮ್ಮಾ.”

“ಆಗಿದೆ ಅಂದ್ನಲ್ಲಾ!”

ಅಕ್ಕನ ಮಗಳು ಓಡಿಬಂದು ತಂಗಿಯ ತೋಳು ಹಿಡಿದಳು. “ಚಿಕ್ಕಮ್ಮಾ, ಎಲ್ಲರೆದುರಿಗೆ ಬೇಡ.”

“ಎಲ್ಲರೆದುರಿಗೆ ಹಂಚಬಹುದು, ಎಲ್ಲರೆದುರಿಗೆ ಕೇಳಬಾರದಾ?”

*

ತಂಗಿಯದು ಉಲ್ಲನ್ನು, ಗುಂಡಿ, ಲೇಸು ಮಾರುವ ಸಣ್ಣ ಅಂಗಡಿ. ಹಿಂದಿನ ಕೋಣೆಯಲ್ಲಿ ಖಾಲಿ ಡಬ್ಬಗಳ ನಡುವೆ ಒಬ್ಬರು ಮಲಗುವಷ್ಟು ಅಗಲದ ಕಬ್ಬಿಣದ ಮಂಚವಿತ್ತು. ಹೋದ ವರ್ಷ ಒಂದು ಮಧ್ಯಾಹ್ನ ಬಂದ ಅಕ್ಕ, ಕೂರುವುದಕ್ಕೂ ಮೊದಲು ಕೊರಳಿನ ಟೇಪು ತೆಗೆದು ಆ ಮಂಚವನ್ನು ಉದ್ದಕ್ಕೂ ಅಗಲಕ್ಕೂ ಅಳೆದಳು.

“ರಿಟೈರಾದ್ಮೇಲೆ ಇಲ್ಲಿಗೆ ಬಂದ್ಬಿಡ್ತೀನಿ ಕಣೇ.”

“ಭಾವ?”

“ಅವರಿಗೇನು, ಬೀದಿ ಇದೆ.” ಅಕ್ಕ ಟೇಪು ಸುತ್ತಿದಳು. “ಮದುವೆಯಾದ ಲಾಗಾಯ್ತು ಹೊದಿಕೆ ಎಳ್ಕೊಳ್ತಾರೆ. ಎಬ್ಬಿಸಿದ್ರೆ, ನಿಂಗೆ ಸೆಕೆ ಅನ್ಕೊಂಡೆ ಅಂತಾರೆ. ನಗ್ಬೇಡ. ಇಷ್ಟು ಕಾಲ ಬೆನ್ನು ತಣ್ಣಗಿಟ್ಕೊಂಡು ಮಲಗಿ ನೋಡು, ಗೊತ್ತಾಗತ್ತೆ.”

ತಂಗಿ ನಕ್ಕಿರಲಿಲ್ಲ. “ನಾಳೆನೇ ಬಾ. ಹೊದಿಕೆ ನಾನು ಕೊಡ್ತೀನಿ.”

“ಬೇಡ. ನಾನೇ ಮಾಡ್ಕೋತೀನಿ. ಒಂದಾದ್ರೂ ಹೊಸದು ಮಾಡ್ಬೇಡ್ವಾ ಈ ಕೈಲಿ?”

ಕ್ರೋಶಾ ಕಡ್ಡಿ ಹಿಡಿಯುವುದನ್ನು, ನಡುವಿನಿಂದ ಸುತ್ತು ಸುತ್ತಾಗಿ ಚೌಕ ಬೆಳೆಸುವುದನ್ನು ತಂಗಿ ಕಲಿಸಿದಳು. ಬೂದುಬಣ್ಣದ ನೂಲು ತೋರಿಸಿದರೆ ಅಕ್ಕ ಸಿಡುಕಿದಳು. “ಕೊಳೆ ಕಾಣಲ್ಲ ಅಂತ ತಾನೇ? ಕಾಣ್ಲಿ.” ಆದ ಚೌಕಗಳನ್ನು ಗಲ್ಲಾದ ಮೇಜಿನ ಮೇಲೆಲ್ಲ ಹರಡಿಕೊಂಡು, ಗಿರಾಕಿಗಳನ್ನು ನಿಲ್ಲಿಸಿಟ್ಟು, ಎತ್ತಿ ಎತ್ತಿ ಜಾಗ ಬದಲಿಸುತ್ತಿದ್ದಳು. “ನೆಂಟರನ್ನ ಸಾಲಾಗಿ ಕೂರಿಸಿದ ಹಾಗೆ ಕಣೇ ಇದು. ಕೆಂಪಿನ ಪಕ್ಕ ಕೆಂಪು ಕೂತ್ರೆ ಜಗಳ.”

ಒಂದು ದಿನ ನೋಡಿದರೆ, ಇನ್ನೂ ಜೋಡಿಸದ ಚೌಕಗಳಿಗೆ ನೀಲಿ ಅಂಚು ಹಾಕುತ್ತಿದ್ದಳು. ಹೊದಿಕೆಯ ಬದಿಗೆ ಬರುವ ಚೌಕಕ್ಕೆ ಹೊರಬದಿಯಲ್ಲಿ ಮಾತ್ರ, ಮೂಲೆಗೆ ಬರುವುದಕ್ಕೆ ಎರಡು ಬದಿ.

“ಅಯ್ಯೋ, ಅಂಚು ಕೊನೆಗೆ ಕಣಕ್ಕಾ! ಎಲ್ಲ ಜೋಡಿಸಿದ ಮೇಲೆ ಒಂದೇ ಸಲ ಸುತ್ತಲೂ ಹಾಕೋದು.”

“ಅಂಚು ಮೊದಲು,” ಎಂದಳು ಅಕ್ಕ, ತಲೆ ಎತ್ತದೆ. “ಅಂಚು ಭದ್ರ ಮಾಡ್ದೆ ನಡುವೆ ಕೈ ಹಾಕಿದ್ರೆ ನಮ್ಮ ಕೋಣೇಲಿ ಬೈತಾರೆ. ಮತ್ತೆ ಯಾರೂ ಬಂದು ಇನ್ನೆರಡು ಸಾಲು ಸೇರಿಸು ಅನ್ನಂಗಿಲ್ಲ ನೋಡು.”

*

ಒಳಕೋಣೆಯ ಜೋಡಿಮಂಚದ ಮೇಲೆ ತಂಗಿ ಚೌಕಗಳನ್ನು ಸುರಿದಳು. ಭಾವನ ಮೇಲಿನ ಸಿಟ್ಟಿನಷ್ಟೇ ಸಿಟ್ಟು ಅಕ್ಕನ ಮೇಲೂ ಇತ್ತು. ಹೊದಿಕೆ ಆಗಲಿ, ಬಣ್ಣ ಕೂಡಲಿ ಎಂದುಕೊಂಡು ಒಂದು ವರ್ಷ ಕೂತವಳು, ಬರಿಗೈಯಲ್ಲಿ ಬಂದಿದ್ದರೆ ಏನು ಕಳೆದುಹೋಗುತ್ತಿತ್ತು?

ರಿಪೇರಿ ಕೋಣೆಯ ಹೆಂಗಸರು ಕೇಳದೆಯೇ ಒಳಗೆ ಬಂದರು. ಅವರಲ್ಲಿ ಹಿರಿಯಳು ಗಂಟಮ್ಮ. ಅವಳು ಹಾಕಿದ ಗಂಟು ಬಿಚ್ಚುವುದಿಲ್ಲವೆಂದು ಆ ಹೆಸರು. ಎಲ್ಲರ ಸೆರಗಿನಲ್ಲೂ ಸೂಜಿ ಇತ್ತು.

“ಪುಣ್ಯಾತ್ಗಿತ್ತಿ ಅಂಚು ಮೊದಲೇ ಹಾಕಿದಾಳೆ,” ಎಂದಳು ಗಂಟಮ್ಮ. “ಎಲ್ಲಿ ಯಾವುದು ಅಂತ ಯೋಚ್ನೇನೇ ಇಲ್ಲ. ನೀಲಿ ಹೊರಗೆ ಇಡ್ರೇ.”

ಇಟ್ಟರು. ಸಾಲು ಸಾಲಾಗಿ ಕೂಡಿ ಮಂಚದ ಒಂದು ಬದಿಯಲ್ಲಿ, ಅಕ್ಕ ಮಲಗುತ್ತಿದ್ದ ಕಡೆ, ಹೊದಿಕೆ ಮೂಡಿತು. ಇನ್ನೊಂದು ಬದಿ ಬರಿದಾಗಿತ್ತು. ಬಾಗಿಲಲ್ಲಿ ಇಣುಕುತ್ತಿದ್ದವರು ಲೊಚಗುಟ್ಟಿದರು.

“ನೋಡಿದ್ರಾ?” ಅವರ ಹಿಂದಿನಿಂದ ಭಾವ ಎಂದ. “ಅರ್ಧ ಮಂಚಕ್ಕೇ ನಿಂತಿದೆ. ನಾ ಹೇಳ್ಲಿಲ್ವಾ?”

ಮಗಳು ಮಂಚದ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. ಅಂಚಿನ ಮೇಲೆ ಬೆರಳಾಡಿಸುತ್ತಿದ್ದಳು. “ಅರ್ಧ ಅಲ್ಲಪ್ಪಾ. ನಾಲ್ಕೂ ಕಡೆ ನೀಲಿ ಇದೆ. ಕಾಲ ಹತ್ರ ಒಂದು ಮೂಲೆ ಮಾತ್ರ ಕಾಣ್ತಿಲ್ಲ.” ಆಮೇಲೆ ತಂಗಿಯ ಕಡೆ ತಿರುಗಿದಳು. “ಚಿಕ್ಕಮ್ಮಾ, ಇದು ಯಾವ ಮಂಚದ ಅಳತೆ?”

ತಂಗಿ ಆ ಹುಡುಗಿಯ ಮುಖ ನೋಡಿದಳು. ಸುಳ್ಳು ಹೇಳುವುದು ಸುಲಭವಿತ್ತು.

“ನಮ್ಮ ಅಂಗಡಿ ಹಿಂದಿನ ಮಂಚದ್ದು. ರಿಟೈರಾದ್ಮೇಲೆ ನಿಮ್ಮಮ್ಮ ಅಲ್ಲಿಗೆ ಬರೋಳಿದ್ಲು. ಒಬ್ಳೇ.”

ಭಾವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಜೇಬಿನ ಬಾಯಲ್ಲಿ ನೀಲಿ ಕಾಣುತ್ತಿತ್ತು.

“ಅದನ್ನ ಕೊಡಿ ಅಪ್ಪಾ,” ಎಂದಳು ಮಗಳು.

“ಇದು ನನ್ನ ಪಾಲಿಂದು. ನನಗೂ ಒಂದು ನೆನಪು ಬೇಡ್ವಾ?” ಅವನು ಸುತ್ತಲಿನವರನ್ನು ನೋಡಿದ. ಯಾರ ಕಣ್ಣೂ ಅವನ ಕಣ್ಣಿಗೆ ಸಿಗಲಿಲ್ಲ. “ಸುಳ್ಳು ಹೇಳ್ತಿದಾಳೆ ಇವಳು. ಹೆಣ ಮನೇಲಿಟ್ಕೊಂಡು ಸುಳ್ಳು!”

“ಅವಳ ಕೈನ ಬೀದಿಗೆಲ್ಲ ದಾನ ಮಾಡಿದ್ರಲ್ಲ ಭಾವ, ಸಾಲ್ದಾ? ಕೊಡಿ ಇಲ್ಲಿ.”

ಅವನು ಜೇಬನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ಸರಿದ. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

“ಅವರ ಕೈಯಿಂದ ಕಿತ್ಕೊಳ್ಳೋಕೆ ಹೊತ್ತಿಲ್ಲ,” ಎಂದಳು ಗಂಟಮ್ಮ, ಸೂಜಿಗೆ ದಾರ ಪೋಣಿಸುತ್ತ. “ಮೂರು ಮೂಲೇಲೇ ಹೋಗ್ಲಿ. ಹೊಲೀರಿ.”

ಹೊಲಿದರು. ಹೆಂಗಸರ ಕೈಗಳು ಒಂದರ ಮೇಲೊಂದು ಓಡಿದವು; ಗಾಡಿಯವನು ಒಳಗೆ ಬಂದು ಗೊಣಗಿದರೆ ಗಂಟಮ್ಮ ದಾರ ಕಚ್ಚುತ್ತಲೇ ಅವನನ್ನು ಹೊರಗಟ್ಟಿದಳು. ಮಗಳು ಆಸ್ಪತ್ರೆಯ ಹೊದಿಕೆಯ ಮೇಲೆ ಅದನ್ನು ಅಮ್ಮನಿಗೆ ಹೊದಿಸಿದಳು. ಅಳತೆ ಸರಿಯಾಗಿತ್ತು. ಬಲಗಾಲಿನ ಹತ್ತಿರ ಒಂದು ಚೌಕದಷ್ಟು ಬಿಳಿ ಕಾಣುತ್ತಿತ್ತು.

ಅಕ್ಕನನ್ನು ಗಾಡಿಗೆ ಏರಿಸಿದರು. ಜನ ಹೊರಗೆ ನಿಂತರು. ಭಾವ ಬಂದಿರಲಿಲ್ಲ. ಕರೆಯಲು ಯಾರೂ ಹೊರಡದಿದ್ದಾಗ ತಂಗಿಯೇ ಒಳಗೆ ಹೋದಳು.

ಅವನು ಜೋಡಿಮಂಚದ ತನ್ನ ಬದಿಯಲ್ಲಿ ಕೂತು, ಉಗುರಿನಿಂದ ಕೊನೆಯ ಕುಣಿಕೆ ಸಡಿಲಿಸಿ ನೀಲಿ ನೂಲನ್ನು ಎಳೆಯುತ್ತಿದ್ದ. ಒಂದು ಬದಿ ಆಗಲೇ ಬಿಚ್ಚಿಹೋಗಿತ್ತು. ಇನ್ನೊಂದು ಬದಿ ಪಟಪಟನೆ ಕಳಚಿಕೊಳ್ಳುತ್ತಿತ್ತು. ಸುಕ್ಕುಸುಕ್ಕಾದ ಎಳೆ ಅವನ ಪಾದದ ಮೇಲೆ ಬೀಳುತ್ತಿತ್ತು.

“ನೋಡು,” ಎಂದ, ತಲೆ ಎತ್ತದೆ. “ಇನ್ನೂ ಆಗ್ಬೇಕಿತ್ತು ಇದು.”

ನೀಲಿಯೆಲ್ಲ ಹೋದ ಮೇಲೆ ಅವನು ಆ ಚೌಕವನ್ನು ಮಂಚದ ನಟ್ಟನಡುವೆ ಇಟ್ಟು, ಅಂಗೈಯಿಂದ ಒತ್ತಿ ಒತ್ತಿ ನೇರ ಮಾಡತೊಡಗಿದ. ಈಗ ಅದಕ್ಕೆ ಯಾವ ಕಡೆಗೆ ಬೇಕಾದರೂ ಇನ್ನೊಂದು ಚೌಕ ಜೋಡಿಸಬಹುದಿತ್ತು.